ಆರದ ಹುಣ್ಣು, ಅಂಗೈಯ ಗಂಟು: ಚರ್ಮದ ಕ್ಯಾನ್ಸರನ್ನು ಆರಂಭದಲ್ಲೇ ಗುರುತಿಸಿ

ಬೆಳೆಗೆ ಬರುವ ರೋಗವನ್ನು ನಮ್ಮ ರೈತರು ಬದುವಿನ ಮೇಲೆ ನಿಂತೇ ಗುರುತಿಸುತ್ತಾರೆ. ಭತ್ತದ ಗರಿಯ ಮೇಲೆ ವಜ್ರಾಕಾರದ ಚುಕ್ಕೆ ಕಂಡರೆ ಅದು ಬೆಂಕಿರೋಗವೆಂದೂ, ಕಡಲೆ ಗಿಡ ಅಲ್ಲಲ್ಲಿ ಒಣಗುತ್ತ ಬಂದರೆ ಸಿಡಿರೋಗವೆಂದೂ ಹೇಳಲು ಅವರಿಗೆ ವಿಜ್ಞಾನಿಯ ನೆರವು ಬೇಕಾಗಿಲ್ಲ. ಆದರೆ ತಮ್ಮದೇ ಕಾಲಿನ ಹುಣ್ಣು ಆರು ತಿಂಗಳಾದರೂ ಆರದಿದ್ದಾಗ, ‘ಏನೋ ಮುಳ್ಳು ಚುಚ್ಚಿದ್ದು, ಸುಗ್ಗಿ ಮುಗಿಯಲಿ ನೋಡೋಣ’ ಎಂದು ಬಟ್ಟೆ ಸುತ್ತಿಕೊಂಡು ನೀರು ಹಾಯಿಸಲು ಹೋಗುವವರೂ ಅವರೇ. ಸುಗ್ಗಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆಯ ಶಸ್ತ್ರಚಿಕಿತ್ಸೆಯಿಂದ ಹೋಗಬಹುದಾಗಿದ್ದ ರೋಗ ಕಾಲನ್ನೇ ಕೇಳುವ ಹಂತಕ್ಕೆ ಬಂದಿರುತ್ತದೆ.

ಈ ಲೇಖನ ಬರೆಯುತ್ತಿರುವವನು ವೈದ್ಯನಲ್ಲ, ಬೇಸಾಯಶಾಸ್ತ್ರದವನು. ಚರ್ಮದ ಕ್ಯಾನ್ಸರಿನ ಕೆಲವು ಕಾರಣಗಳು ಮಣ್ಣು, ನೀರು ಮತ್ತು ಸಿಂಪರಣಾ ಔಷಧಿಗಳ ಮೂಲಕವೇ ಬರುತ್ತವೆಯಾದ್ದರಿಂದ ಇದು ನಮ್ಮ ವಿಷಯವೂ ಹೌದು. ಚರ್ಮದ ಕ್ಯಾನ್ಸರ್ ಕಣ್ಣಿಗೆ ಕಾಣುವ ರೋಗ. ಯಕೃತ್ತು, ಶ್ವಾಸಕೋಶಗಳ ಕ್ಯಾನ್ಸರಿನಂತೆ ಒಳಗೆ ಅಡಗಿ ಕುಳಿತಿರುವುದಿಲ್ಲ. ಎಲ್ಲಿ ನೋಡಬೇಕು, ಏನನ್ನು ನೋಡಬೇಕು ಎಂಬುದು ತಿಳಿದಿದ್ದರೆ ಅಕ್ಷರ ಬಲ್ಲ ಯಾವ ರೈತನಾದರೂ ಇದನ್ನು ಸಂಶಯಿಸಬಲ್ಲ. ಖಚಿತಪಡಿಸುವ ಕೆಲಸ ಮಾತ್ರ ವೈದ್ಯರದು.

ನಮ್ಮವರಲ್ಲಿ ರೋಗದ ರೂಪವೇ ಬೇರೆ

ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಚರ್ಮದ ತಳಪದರದ ಜೀವಕೋಶಗಳಲ್ಲಿ ಹುಟ್ಟುವುದು ಮೊದಲನೆಯದು. ಇದು ಸಾಮಾನ್ಯವಾಗಿ ಮುಖದ ಮೇಲೆ ಹೊಳೆಯುವ ಸಣ್ಣ ಗುಳ್ಳೆಯಾಗಿ ಕಾಣಿಸಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ. ಮೇಲ್ಪದರದ ಚಪ್ಪಟೆ ಜೀವಕೋಶಗಳಲ್ಲಿ ಹುಟ್ಟುವ ಸ್ಕ್ವಾಮಸ್ ಎಂಬುದು ಎರಡನೆಯದು. ಇದು ಗಟ್ಟಿ ಅಂಚಿನ ಹುಣ್ಣಾಗಿ ಇಲ್ಲವೆ ಹೂಕೋಸಿನಂತೆ ಉಬ್ಬಿದ ಗಡ್ಡೆಯಾಗಿ ಬೆಳೆಯುತ್ತದೆ, ಬಿಟ್ಟರೆ ತೊಡೆಸಂದಿನ ಅಥವಾ ಕಂಕುಳಿನ ಗಂಟುಗಳಿಗೆ ಇಳಿಯುತ್ತದೆ. ಬಣ್ಣ ಕೊಡುವ ಕೋಶಗಳಿಂದ ಹುಟ್ಟುವ ಮೆಲನೋಮ ಮೂರನೆಯದು. ಇದು ಕಡಿಮೆ ಜನರಿಗೆ ಬರುತ್ತದೆ, ಆದರೆ ಮೂರರಲ್ಲಿ ಬಹುಬೇಗ ಹರಡುವುದು ಇದೇ.

ಬಿಳಿಯ ಜನರಲ್ಲಿ ಈ ರೋಗ ಬಹುಪಾಲು ಬಿಸಿಲಿನಿಂದ ಬರುತ್ತದೆ. ನಮ್ಮ ಚರ್ಮದ ಕಪ್ಪು ಬಣ್ಣ ಬಿಸಿಲಿಗೆ ಒಳ್ಳೆಯ ತಡೆ. ಆದ್ದರಿಂದ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಈ ‘ಕಡಿಮೆ’ ಎಂಬ ಮಾತೇ ಹಲವರಿಗೆ ಮುಳುವಾಗಿದೆ ಎಂದರೆ ತಪ್ಪಲ್ಲ. ಹೊರದೇಶದ ಪುಸ್ತಕಗಳ ಚಿತ್ರಗಳಲ್ಲಿ ಮೂಗು, ಕಿವಿ, ಕೆನ್ನೆಗಳನ್ನು ತೋರಿಸಿರುತ್ತಾರೆ. ನಮ್ಮವರಲ್ಲಿ ಇವುಗಳ ಜೊತೆಗೆ ಸುಟ್ಟ ಗಾಯದ ಕಲೆ, ಹಳೆಯ ಹುಣ್ಣು, ಸೊಂಟದ ಪಟ್ಟಿ, ಅಂಗಾಲು, ಅಂಗೈ ಮತ್ತು ಉಗುರುಗಳನ್ನೂ ನೋಡಬೇಕು. ಬಿಸಿಲು ಕಾಣದ ಅಂಗಾಲಿನಲ್ಲೂ ಕ್ಯಾನ್ಸರ್ ಬರುತ್ತದೆ ಎಂದರೆ ಹಲವರು ನಂಬುವುದಿಲ್ಲ.

ಹಳೆಯ ಸುಟ್ಟಕಲೆಯಲ್ಲಿ ಹೊಸ ಹುಣ್ಣು

ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲು ಕಾಲಿನ ಮೇಲೆ ಚೆಲ್ಲಿದವರು, ಅಡಿಕೆ ಬೇಯಿಸುವ ಹಂಡೆಯಿಂದ ಸುಟ್ಟುಕೊಂಡವರು, ಚಿಕ್ಕಂದಿನಲ್ಲಿ ಒಲೆಗೆ ಬಿದ್ದು ಉಳಿದವರು ಎಲ್ಲ ಊರಿನಲ್ಲೂ ಇದ್ದಾರೆ. ಆಳವಾಗಿ ಸುಟ್ಟ ಜಾಗಕ್ಕೆ ಚರ್ಮ ಕಸಿ ಮಾಡಿಸದೆ ತಾನಾಗಿ ಒಣಗಲು ಬಿಟ್ಟರೆ ಅಲ್ಲಿ ತೆಳ್ಳನೆಯ, ಬಿಗಿದ ಕಲೆ ಉಳಿಯುತ್ತದೆ. ಮೊಣಕಾಲು, ಹಿಮ್ಮಡಿಗಳಂಥ ಮಡಚುವ ಜಾಗದಲ್ಲಿ ಈ ಕಲೆ ಮತ್ತೆ ಮತ್ತೆ ಬಿರಿಯುತ್ತದೆ, ಮತ್ತೆ ಒಣಗುತ್ತದೆ. ಹೀಗೆ ವರ್ಷಗಟ್ಟಲೆ ಕೆರಳಿದ ಜಾಗದಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಹುಟ್ಟುವುದುಂಟು. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲೇ ಇಂಥ ಕಲೆಗಳ ಹುಣ್ಣನ್ನು ವರ್ಣಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಸುಟ್ಟದ್ದಕ್ಕೂ ಕ್ಯಾನ್ಸರ್ ಕಾಣುವುದಕ್ಕೂ ನಡುವೆ ಸಾಮಾನ್ಯವಾಗಿ ಮೂವತ್ತು ವರ್ಷದಷ್ಟು ಅಂತರ. ಎಂಟನೆಯ ವಯಸ್ಸಿನಲ್ಲಿ ಸುಟ್ಟ ಕಾಲು ನಲವತ್ತರಲ್ಲಿ ಹುಣ್ಣಾದರೆ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೆ ತಾನೆ ಹೊಳೆಯುತ್ತದೆ?

ಸುಟ್ಟಕಲೆ ಮಾತ್ರವಲ್ಲ, ಬಹುಕಾಲ ಆರದ ಯಾವ ಹುಣ್ಣೇ ಆಗಲಿ ಈ ದಾರಿ ಹಿಡಿಯಬಹುದು. ಕುಷ್ಠರೋಗ ವಾಸಿಯಾದ ಮೇಲೂ ಸ್ಪರ್ಶವಿಲ್ಲದ ಅಂಗಾಲಿನಲ್ಲಿ ಉಳಿಯುವ ಹುಣ್ಣು, ಮೂಳೆಯ ಕೀವಿನಿಂದ ಸದಾ ಸೋರುವ ಬಿಲ ಇವೆಲ್ಲ ಇದೇ ಸಾಲಿನವು. ಹಳೆಯ ಹುಣ್ಣು ಹೀಗೆ ತಿರುಗಿದಾಗ ಅಂಚು ಗಟ್ಟಿಯಾಗಿ ಹೊರಕ್ಕೆ ಮಗುಚಿಕೊಳ್ಳುತ್ತದೆ, ಮಧ್ಯದಲ್ಲಿ ಮಾಂಸ ಉಬ್ಬುತ್ತದೆ, ಬಟ್ಟೆ ತಾಗಿದರೂ ರಕ್ತ ಜಿನುಗುತ್ತದೆ, ವಾಸನೆ ಮೊದಲಿಗಿಂತ ಹೆಚ್ಚಾಗುತ್ತದೆ. ಇಂಥ ಬದಲಾವಣೆ ಕಂಡಾಗ ನಾಲ್ಕು ವಾರ ಕಾದು ನೋಡುವ ಪ್ರಶ್ನೆಯೇ ಇಲ್ಲ.

ಉಡುಪು ಉಜ್ಜಿದ ಜಾಗವೂ ಗಮನಕ್ಕೆ ಯೋಗ್ಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸಂಗಡಿಗರು 1945ರಲ್ಲಿ ಧೋತರವನ್ನು ಬಿಗಿಯಾಗಿ ಕಟ್ಟುವವರ ಸೊಂಟದಲ್ಲಿ ಬರುವ ಕ್ಯಾನ್ಸರನ್ನು ಪ್ರಕಟಿಸಿದರು. ಸೀರೆಯ ಒಳಲಂಗದ ಲಾಡಿ ಒತ್ತುವ ಜಾಗದಲ್ಲೂ ಇದೇ ಬಗೆಯದು ಕಂಡುಬಂದಿದೆ. ಇದು ಅಪರೂಪ, ಧೋತರ ಉಡುವುದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಸೊಂಟದ ಕಪ್ಪುಪಟ್ಟೆಯಲ್ಲಿ ಸಿಪ್ಪೆ ಎದ್ದು ಹುಣ್ಣಾದರೆ ಲಾಡಿಗೆ ಅಗಲವಾದ ಪಟ್ಟಿ ಹಾಕಿ, ಕಟ್ಟುವ ಜಾಗವನ್ನು ಬದಲಿಸಿ, ಹುಣ್ಣನ್ನು ತೋರಿಸಿ.

ಅಂಗಾಲಿನ ಕಪ್ಪು ಚುಕ್ಕೆ

ಮೆಲನೋಮ ನಮ್ಮವರಿಗೆ ಬರುವುದಾದರೆ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಬುಡದಲ್ಲಿ. ಕಪ್ಪು ಚರ್ಮದವರಿಗೆ ಇದು ಬರುವುದಿಲ್ಲ ಎನ್ನುವವರಿಗೆ ಜಮೈಕಾ ದೇಶದ ಗಾಯಕ ಬಾಬ್ ಮಾರ್ಲಿಯ ಸಂಗತಿ ಹೇಳಬಹುದು. ಆತನ ಕಾಲ್ಬೆರಳಿನ ಉಗುರಿನಡಿಯ ಕಪ್ಪನ್ನು ಫುಟ್‌ಬಾಲ್ ಆಟದ ಪೆಟ್ಟು ಎಂದು ತಿಳಿಯಲಾಗಿತ್ತು; 1977ರಲ್ಲಿ ಮೆಲನೋಮ ಎಂದು ಗೊತ್ತಾಯಿತು; 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅದರಿಂದಲೇ ಮರಣ.

ನೇಗಿಲು ತಾಗಿ ಉಗುರಿನಡಿ ರಕ್ತ ಹೆಪ್ಪುಗಟ್ಟಿದರೂ ಕಪ್ಪಾಗಿಯೇ ಕಾಣುತ್ತದೆ. ಎರಡಕ್ಕೂ ವ್ಯತ್ಯಾಸವೇನೆಂದರೆ, ಹೆಪ್ಪುಗಟ್ಟಿದ ರಕ್ತ ಉಗುರು ಬೆಳೆದಂತೆಲ್ಲ ತುದಿಯ ಕಡೆ ಸರಿಯುತ್ತ ಹೋಗುತ್ತದೆ, ಬುಡದಲ್ಲಿ ಹೊಸ ಉಗುರು ಶುಭ್ರವಾಗಿ ಬರುತ್ತದೆ. ಮೆಲನೋಮದ ಪಟ್ಟೆ ಬುಡದಿಂದಲೇ ಹೊರಟು ಅಗಲವಾಗುತ್ತದೆ, ಕಪ್ಪು ಉಗುರಿನಿಂದಾಚೆ ಚರ್ಮಕ್ಕೂ ಹಬ್ಬುತ್ತದೆ. ಹಾಗೆಯೇ ಮೈಮೇಲಿನ ಮಚ್ಚೆ ಹುಟ್ಟಿನಿಂದ ಇದ್ದಂತೆಯೇ ಇದ್ದರೆ ಚಿಂತೆಯಿಲ್ಲ. ಅಂಚು ಅಂಕುಡೊಂಕಾಗಿ, ಬಣ್ಣ ಒಂದೆಡೆ ಕಪ್ಪು ಒಂದೆಡೆ ಕಂದು ಎಂದು ಬೇರ್ಪಟ್ಟು, ತೊಗರಿ ಕಾಳಿಗಿಂತ ದೊಡ್ಡದಾಗಿ ಬೆಳೆಯುತ್ತಿದ್ದರೆ ತೋರಿಸಲೇಬೇಕು. ಇವುಗಳಲ್ಲಿ ಅತ್ಯಂತ ನಂಬಬಹುದಾದ ಲಕ್ಷಣ ಬದಲಾವಣೆಯೇ.

ನೀರಿನಲ್ಲಿರುವ ಪಾಷಾಣ

ಈಗ ನನ್ನ ಶಾಸ್ತ್ರಕ್ಕೆ ಹತ್ತಿರದ ಮಾತು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷದ ಮೂಲಧಾತು. ಒಮ್ಮೆಗೇ ಹೆಚ್ಚು ತಿಂದರೆ ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಿನವೂ ಅಣುಮಾತ್ರ ಸೇರುತ್ತ ಹೋದರೆ ಹತ್ತಾರು ವರ್ಷದ ಮೇಲೆ ಚರ್ಮದ ಕ್ಯಾನ್ಸರ್ ತರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಜರ್ಮನಿಯ ದ್ರಾಕ್ಷಿ ಬೆಳೆಗಾರರು ಇದನ್ನು ತಮ್ಮ ಮೈಮೇಲೆ ಕಂಡುಕೊಂಡರು. ಮೊಸೆಲ್ ನದಿಯ ಕಣಿವೆಯಲ್ಲಿ 1920ರ ದಶಕದಿಂದ ಆರ್ಸೆನಿಕ್ ಕೀಟನಾಶಕಗಳನ್ನು ತೋಟಕ್ಕೆ ಹೊಡೆಯುತ್ತಿದ್ದರು. ಸಿಂಪಡಿಸುವಾಗ ಮೈಗೆ ಸೇರಿದ್ದು ಒಂದು ಪಾಲು. ಹಿಂಡಿದ ದ್ರಾಕ್ಷಿಯ ಹಿಪ್ಪೆಗೆ ನೀರು ಬೆರೆಸಿ ಮನೆಮಂದಿಗೆಂದು ಮಾಡಿಕೊಳ್ಳುತ್ತಿದ್ದ ಅಗ್ಗದ ಪಾನೀಯದಲ್ಲಿ ಸೇರಿದ್ದು ಇನ್ನೊಂದು ಪಾಲು. 1942ರಲ್ಲಿ ಆ ದೇಶ ಆರ್ಸೆನಿಕ್ ಸಿಂಪರಣೆಯನ್ನು ನಿಷೇಧಿಸಿತು. ಆದರೂ ಅದಾದ ಹಲವು ವರ್ಷಗಳವರೆಗೆ ಆ ಬೆಳೆಗಾರರ ಅಂಗೈ ಅಂಗಾಲುಗಳಲ್ಲಿ ಗಂಟುಗಳೂ ಚರ್ಮದ ಕ್ಯಾನ್ಸರೂ ಕಾಣಿಸುತ್ತಲೇ ಇದ್ದವು. ಅಂದಹಾಗೆ, ನಮ್ಮ ಅಡಿಕೆ ಬೆಳೆಗಾರರು ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದಿಂದಾದದ್ದು. ಅದಕ್ಕೂ ಆರ್ಸೆನಿಕ್‌ಗೂ ಸಂಬಂಧವಿಲ್ಲ.

ನಮ್ಮ ದೇಶದಲ್ಲಿ ಈ ವಿಷ ಬಂದದ್ದು ಸಿಂಪರಣೆಯಿಂದಲ್ಲ, ಅಂತರ್ಜಲದಿಂದ. ಪಶ್ಚಿಮ ಬಂಗಾಳದಲ್ಲಿ ಕೆರೆ ನೀರಿನಿಂದ ವಾಂತಿಭೇದಿ ಬರುತ್ತದೆಂದು ಊರೂರಿಗೆ ಕೊಳವೆ ಬಾವಿ ಕೊರೆಸಿದರು. 1983ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಚರ್ಮವೈದ್ಯ ಡಾ. ಕೆ. ಸಿ. ಸಾಹಾ, ಹಳ್ಳಿಗಳಿಂದ ಬಂದ ರೋಗಿಗಳ ಮೈಯ ಚುಕ್ಕೆ ಮತ್ತು ಅಂಗೈಯ ಗಂಟುಗಳನ್ನು ನೋಡಿ ಇದು ಆರ್ಸೆನಿಕ್ ಎಂದು ಗುರುತಿಸಿದರು. ನೀರಿನಲ್ಲಿರುವ ದೋಷವನ್ನು ಮೊದಲು ಹೇಳಿದ್ದು ಚರ್ಮವೇ ಎಂಬುದನ್ನು ಗಮನಿಸಿ.

ಕರ್ನಾಟಕದಲ್ಲೂ ಇದು ಉಂಟು. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಊರಿನ ಬಳಿ (ಇದು ಕರಾವಳಿಯ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿಯಿತ್ತು. ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಇರುವುದು ಸಾಮಾನ್ಯ. ಅಲ್ಲಿಯ ಕಿರದಳ್ಳಿ ತಾಂಡಾದಲ್ಲಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆ ಬಾವಿ ನೀರಿನ ಮಾದರಿಗಳಲ್ಲಿ ಶೇಕಡಾ 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು; ಅತಿ ಹೆಚ್ಚೆಂದರೆ 303 ಮೈಕ್ರೋಗ್ರಾಂ ಸಿಕ್ಕಿತು. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಂ ಮಣ್ಣಿಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು. ಇದು ಗಣಿಯ ತ್ಯಾಜ್ಯದ ಪ್ರಭಾವವಿರಬೇಕು. ತಪಾಸಣೆಗೆ ಬಂದ 181 ಜನರಲ್ಲಿ ಶೇಕಡಾ 58.6 ಮಂದಿಗೆ ಚರ್ಮದ ಮೇಲೆ ಆರ್ಸೆನಿಕ್ ಗುರುತುಗಳಿದ್ದವು. ಸಂಶಯವಿದ್ದ ನಾಲ್ವರ ಚರ್ಮದ ತುಣುಕು ತೆಗೆದು ನೋಡಿದಾಗ ಮೂವರಲ್ಲಿ ಅದು ಆರ್ಸೆನಿಕ್‌ನಿಂದಾದ ಚರ್ಮರೋಗವೆಂದು ಖಚಿತವಾಯಿತು.

ಆರ್ಸೆನಿಕ್ ವಿಷದ ಗುರುತುಗಳು ಹೀಗೆ. ಎದೆ, ಬೆನ್ನಿನ ಮೇಲೆ ಧೂಳಿನ ನೆಲಕ್ಕೆ ಮಳೆಯ ಹನಿ ಬಿದ್ದಂತೆ ಕಪ್ಪು ಮತ್ತು ಬಿಳಿ ಚುಕ್ಕೆಗಳು ಕಾಣಿಸುತ್ತವೆ. ಅಂಗೈ ಅಂಗಾಲುಗಳ ಚರ್ಮ ದಪ್ಪಗಾಗಿ, ರಾಗಿ ಕಾಳಿನಿಂದ ಜೋಳದ ಕಾಳಿನಷ್ಟು ಗಟ್ಟಿ ಗಂಟುಗಳು ಏಳುತ್ತವೆ. ಗುದ್ದಲಿ ಹಿಡಿದ ಕೈಯ ದಡ್ಡಿಗೂ ಇದಕ್ಕೂ ವ್ಯತ್ಯಾಸವಿದೆ: ದಡ್ಡು ಕಾವು ಒತ್ತುವ ಕಡೆ ಮಾತ್ರ ಬರುತ್ತದೆ, ಕೆಲಸ ಬಿಟ್ಟರೆ ಕರಗುತ್ತದೆ, ಈ ಗಂಟುಗಳು ಎರಡೂ ಕೈ, ಎರಡೂ ಕಾಲುಗಳಲ್ಲಿ, ಏನೂ ಒತ್ತದ ಕಡೆಯೂ ಇರುತ್ತವೆ. ಒಂದೇ ಬಾವಿಯ ನೀರು ಕುಡಿಯುವ, ಗುದ್ದಲಿಯನ್ನೇ ಹಿಡಿಯದ ಮನೆಯ ಹೆಂಗಸರು ಮಕ್ಕಳಲ್ಲೂ ಇದ್ದರೆ ಸಂಶಯ ಬಲವಾಗುತ್ತದೆ. ಇಂಥ ಗಂಟುಗಳಲ್ಲಿ ಒಂದು ಬೇಗ ಬೆಳೆದು ಬಿರಿದರೆ, ಅಥವಾ ಮೈಮೇಲೆ ಕೆಂಪಗೆ ಸಿಪ್ಪೆಯೇಳುವ ಪಟ್ಟೆಯೊಂದು ಹುಳುಕಡ್ಡಿಯ ಮುಲಾಮಿಗೂ ಜಗ್ಗದೆ ಹರಡುತ್ತಿದ್ದರೆ, ಅದು ಕ್ಯಾನ್ಸರಿನ ಮೊದಲ ಹೆಜ್ಜೆಯಿರಬಹುದು. ವೈದ್ಯರ ಸಲಹೆಯಿಲ್ಲದೆ ಪಾಷಾಣ ಬೆರೆತ ನಾಟಿ ಔಷಧಿಯನ್ನು ವರ್ಷಗಟ್ಟಲೆ ಸೇವಿಸಿದವರಲ್ಲೂ ಇದೇ ಗುರುತುಗಳು ಬರುತ್ತವೆ.

ಬಿಸಿಲಿಗೆ ಯಾರು ಅಂಜಬೇಕು?

ಎಲ್ಲ ರೈತರೂ ಅಲ್ಲ. ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆ ಎಲ್ಲ ಬೆಳ್ಳಗಿದ್ದು, ಬಿಸಿಲಿಗೆ ಕಣ್ಣು ಬಿಡಲಾರದ ಮಕ್ಕಳು ಕೆಲವು ಮನೆಗಳಲ್ಲಿರುತ್ತಾರೆ. ಅವರ ಚರ್ಮಕ್ಕೆ ಬಣ್ಣದ ರಕ್ಷಣೆಯೇ ಇಲ್ಲ. ಅವರಿಗೆ ಎಳೆಯ ವಯಸ್ಸಿನಲ್ಲೇ ಮುಖ, ಕುತ್ತಿಗೆ, ತುಟಿಗಳಲ್ಲಿ ಕ್ಯಾನ್ಸರ್ ಬರಬಹುದು. ಹೊಲದ ಕೆಲಸಕ್ಕೆ ಹಚ್ಚದೆ ಓದಿಸಿ, ನೆರಳಿನ ಉದ್ಯೋಗಕ್ಕೆ ಹಾಕಿ. ಹೊರಗೆ ಹೋಗುವಾಗ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ತಪ್ಪಬಾರದು. ತೊನ್ನು ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ.

ಇನ್ನೊಂದು ಮಾತು. ಇಂಜಿನ್ನಿನಿಂದ ತೆಗೆದ ಹಳೆಯ ಕಪ್ಪು ಎಣ್ಣೆಯನ್ನು ದನಗಳ ಕಜ್ಜಿಗೆ, ಕೆಲವೊಮ್ಮೆ ತಮ್ಮ ಕಾಲಿಗೇ ಬಳಿಯುವ ಅಭ್ಯಾಸವಿದೆ. ಬಳಸಿದ ಇಂಜಿನ್ ಎಣ್ಣೆ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಅದು ಬೇಡ.

ಎತ್ತಿನ ಕೊಂಬು, ಒಡೆಯನ ಕಾಲು

ಎತ್ತು ತಲೆ ಕೊಡವುತ್ತ, ಒಂದು ಕೊಂಬನ್ನು ಗೂಟಕ್ಕೆ ಉಜ್ಜುತ್ತಿದ್ದರೆ, ಕೊಂಬು ವಾಲಿದರೆ, ಆ ಬದಿಯ ಮೂಗಿನಲ್ಲಿ ರಕ್ತ ಕಂಡರೆ ಅದು ಕೊಂಬಿನ ಕ್ಯಾನ್ಸರ್ ಎಂದು ಅನುಭವಿ ರೈತರು ಹೇಳುತ್ತಾರೆ, ಪಶುವೈದ್ಯರನ್ನು ಕರೆಸುತ್ತಾರೆ. ಅದೂ ಸ್ಕ್ವಾಮಸ್ ಬಗೆಯದೇ. ಎತ್ತಿಗೆ ತೋರುವಷ್ಟು ಗಮನವನ್ನು ಒಡೆಯ ತನ್ನ ಕಾಲಿಗೂ ತೋರಿದರೆ ಸಾಕು. ನಮ್ಮ ಹಲವು ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ತಿಂಗಳಿಗೊಂದು ಸೋಮವಾರ, ಸ್ನಾನವಾದ ಮೇಲೆ, ಬೆಳಕಿನಲ್ಲಿ ಕುಳಿತು ಅಂಗಾಲು, ಬೆರಳ ಸಂದು, ಉಗುರು, ಹಳೆಯ ಕಲೆಗಳು, ಸೊಂಟ, ತುಟಿ, ಕಿವಿಯ ಹಿಂಭಾಗ ಇವನ್ನು ನೋಡಿಕೊಳ್ಳಿ. ಬೆನ್ನು ಮತ್ತು ತಲೆಯನ್ನು ಮನೆಯವರು ನೋಡಲಿ. ಐದು ನಿಮಿಷದ ಕೆಲಸ.

ಆರದ ಹುಣ್ಣೆಲ್ಲ ಕ್ಯಾನ್ಸರಲ್ಲ. ಸಕ್ಕರೆ ಕಾಯಿಲೆ, ಉಬ್ಬಿದ ರಕ್ತನಾಳ, ಕ್ಷಯ ಇವುಗಳಿಂದಲೂ ಹುಣ್ಣು ನಿಲ್ಲುತ್ತದೆ. ಕ್ಯಾನ್ಸರಿಗಿಂತ ಇವೇ ಹೆಚ್ಚು. ಆದರೆ ಇವಕ್ಕೂ ಚಿಕಿತ್ಸೆ ಬೇಕೇ ಬೇಕಲ್ಲ! ಆದ್ದರಿಂದ ನಾಲ್ಕು ವಾರದಲ್ಲಿ ಆರದ ಹುಣ್ಣನ್ನು, ಕಾರಣ ಏನೇ ಇರಲಿ, ತೋರಿಸುವುದೇ ಸರಿ.

ಮಾಡಬಾರದ್ದು ಮತ್ತು ಮಾಡಬೇಕಾದ್ದು

ಸಂಶಯದ ಗಂಟಿಗೆ ಎಕ್ಕದ ಹಾಲು, ಸುಣ್ಣ, ಮೈಲುತುತ್ತ, ಆಸಿಡ್ ಹಚ್ಚಬೇಡಿ. ಬರೆ ಹಾಕಿಸಬೇಡಿ. ಬುಡಕ್ಕೆ ಕೂದಲು ಬಿಗಿದು ಉದುರಿಸಬೇಡಿ. ಮೇಲಿನದು ಉದುರಿ ಬೇರು ಒಳಗೇ ಉಳಿದರೆ, ಕಳೆಯ ತಲೆ ಕೊಯ್ದು ಗಡ್ಡೆ ಬಿಟ್ಟಂತೆ. ಜೇಕು ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನಲ್ಲಿ ಯಾರಾದರೂ ಗಂಟನ್ನು ಕತ್ತರಿಸಿ ತೆಗೆದರೂ ಅದನ್ನು ಎಸೆಯಲು ಬಿಡದೆ ಪರೀಕ್ಷೆಗೆ ಕಳಿಸಲು ಹೇಳಿ.

ಆಸ್ಪತ್ರೆಯಲ್ಲಿ ಮೊದಲು ಮಾಡುವುದು ಬಯಾಪ್ಸಿ. ಆ ಜಾಗಕ್ಕೆ ಮರಗಟ್ಟುವ ಸೂಜಿ ಕೊಟ್ಟು, ಹುಣ್ಣಿನ ಅಂಚಿನಿಂದ ಕಾಳಿನಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ‘ಕ್ಯಾನ್ಸರಿಗೆ ಚಾಕು ತಾಗಿಸಿದರೆ ಹರಡುತ್ತದೆ’ ಎಂಬ ಮಾತು ಹಳ್ಳಿಗಳಲ್ಲಿ ಬಹಳ ಪ್ರಚಾರದಲ್ಲಿದೆ. ಇದು ಸುಳ್ಳು. ಚಾಕು ತಾಗಿಸದೆ ಕಾಯ್ದದ್ದರಿಂದಲೇ ಹರಡಿರುತ್ತದೆ. ಈ ರೋಗ ಮುಟ್ಟಿದರೆ ಅಂಟುವುದೂ ಇಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ.

ಕ್ಯಾನ್ಸರ್ ಎಂದು ಖಚಿತವಾದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ ತೆಗೆಯುವುದು ಮುಖ್ಯ ಚಿಕಿತ್ಸೆ. ಜಾಗ ದೊಡ್ಡದಾದರೆ ತೊಡೆಯ ಚರ್ಮ ತಂದು ಕಸಿ ಮಾಡುತ್ತಾರೆ. ಮೇಲ್ಪದರದಲ್ಲೇ ಇರುವ ಪಟ್ಟೆಗೆ ಹಚ್ಚುವ ಮುಲಾಮೂ ಇದೆ. ಶಸ್ತ್ರಚಿಕಿತ್ಸೆ ಆಗದ ಕಡೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ಸಣ್ಣದಿರುವಾಗಲೇ ತೆಗೆಸಿದರೆ ಮೊದಲ ಎರಡು ಬಗೆಯ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಪೂರ್ಣ ಗುಣ ಹೊಂದುತ್ತಾರೆ. ಹಳೆಯ ಸುಟ್ಟಕಲೆಯಲ್ಲಿ ಬರುವುದು ಇದಕ್ಕಿಂತ ಒರಟು. ಮೂಳೆಗೆ ಇಳಿದಿದ್ದರೆ ಕಾಲು ತೆಗೆಯದೆ ದಾರಿಯಿರುವುದಿಲ್ಲ. ಚಿಕಿತ್ಸೆಯಾದ ಮೇಲೂ ಕೆಲವು ವರ್ಷ ಕರೆದಾಗಲೆಲ್ಲ ಹೋಗಿ ತೋರಿಸಬೇಕು. ಒಮ್ಮೆ ಬಂದ ಮೈಯಲ್ಲಿ ಇನ್ನೊಂದು ಕಡೆ ಬರುವ ಸಂಭವ ಹೆಚ್ಚು.

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಚರ್ಮವೈದ್ಯರಲ್ಲಿ ಇಲ್ಲವೆ ಶಸ್ತ್ರವೈದ್ಯರಲ್ಲಿ ತೋರಿಸಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೂ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಪೂರ್ಣ ಚಿಕಿತ್ಸೆ ದೊರೆಯುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಜೊತೆಗೆ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದೇ ಹೊರಡಿ.

ಬಾವಿಯ ನೀರಿನ ಪರೀಕ್ಷೆ

ಮನೆಯಲ್ಲಿ ಒಬ್ಬರಿಗೆ ಅಂಗೈಯ ಗಂಟು ಇದ್ದರೆ, ವಿಶೇಷವಾಗಿ ಹಳೆಯ ಚಿನ್ನದ ಗಣಿಗಳ ಆಸುಪಾಸಿನಲ್ಲಿ, ಅದೇ ನೀರು ಕುಡಿಯುವ ಎಲ್ಲರ ಕೈಕಾಲುಗಳನ್ನೂ ನೋಡಬೇಕು, ನೀರನ್ನೂ ಪರೀಕ್ಷೆಗೆ ಕೊಡಬೇಕು. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕೊಳವೆ ಬಾವಿಯನ್ನು ಬಿಟ್ಟು, ಪರೀಕ್ಷೆಯಾದ ಬೇರೆ ಮೂಲದ ನೀರಿಗೆ ಅಥವಾ ಚೆನ್ನಾಗಿ ಹಿಡಿದಿಟ್ಟ ಮಳೆನೀರಿಗೆ ಬದಲಿಸುವುದೇ ಪರಿಹಾರ. ಗಣಿಯ ರಾಶಿಯಿಂದ ಮಣ್ಣು ತಂದು ಹಿತ್ತಲಿಗೆ, ಹೊಲಕ್ಕೆ, ಮನೆಯ ಗೋಡೆಗೆ ಬಳಸಬಾರದು. ಅಂಥ ನೀರನ್ನು ಗದ್ದೆಗೆ ಸದಾ ನಿಲ್ಲಿಸಿದರೆ ಗಾಳಿಯಾಡದ ಕೆಸರಿನಲ್ಲಿ ಆರ್ಸೆನಿಕ್ ಕರಗಿ ಭತ್ತದ ಬೇರಿಗೆ ಸುಲಭವಾಗಿ ಸಿಗುತ್ತದೆ. ಗದ್ದೆಯನ್ನು ಆಗಾಗ ಆರಗೊಟ್ಟು ನೀರು ಕೊಟ್ಟರೆ ಅಕ್ಕಿಗೆ ಸೇರುವುದು ಕಡಿಮೆಯಾಗುತ್ತದೆ. ಜೋಳದಂಥ ಒಣಬೇಸಾಯದ ಬೆಳೆ ಇನ್ನೂ ಒಳ್ಳೆಯದು.

ನಮ್ಮ ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ನೋಡುವುದು ರಸಸಾರ, ಲವಣಾಂಶ, ಸೋಡಿಯಂಗಳನ್ನು. ‘ನೀರು ಚೆನ್ನಾಗಿದೆ’ ಎಂಬ ಆ ವರದಿಯಿಂದ ಆರ್ಸೆನಿಕ್ ಇಲ್ಲವೆಂದು ಅರ್ಥವಲ್ಲ. ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ವಿಚಾರಿಸಿ, ಆರ್ಸೆನಿಕ್ ಪರೀಕ್ಷೆಯೇ ಬೇಕೆಂದು ಬರೆದುಕೊಟ್ಟು ಮಾಡಿಸಿ. ಅವರು ಕೊಡುವ ಸೀಸೆಯನ್ನೇ ಬಳಸಿ. ಪಂಪನ್ನು ಐದು ನಿಮಿಷ ಓಡಿಸಿದ ನಂತರ ನೀರು ತುಂಬಿ, ಬಾವಿಯ ಗುರುತು, ಆಳ, ದಿನಾಂಕವನ್ನು ಸೀಸೆಯ ಮೇಲೆ ಬರೆದು, ಆ ದಿನವೇ ತಲುಪಿಸಿ.